ಪ್ಲಗ್ ಕಿತ್ತಿಡುವ ಮನೆ

ಆ ಮನೆಯಲ್ಲಿ ಯಾವ ಪ್ಲಗ್ಗೂ ಗೋಡೆಯಲ್ಲಿ ಉಳಿಯುತ್ತಿರಲಿಲ್ಲ. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಟೇಬಲ್ ಫ್ಯಾನು, ಟಿವಿ, ಯಾವುದೇ ಇರಲಿ, ಕೆಲಸ ಮುಗಿದ ಕೂಡಲೇ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ವೈರು ಸುತ್ತಿ ಮೇಲಿಡಬೇಕು. ಅದು ಅಮ್ಮನ ಕಾನೂನು. ನಾಲ್ಕು ತಿಂಗಳ ಹಿಂದೆ ಇಂಥ ಕಾನೂನೇನೂ ಇರಲಿಲ್ಲ. ನಾಲ್ಕು ತಿಂಗಳ ಹಿಂದೆ ಅವಳ ದೊಡ್ಡ ಮಗ ತಗಡಿನ ಕಾರ್ಖಾನೆಯ ಪ್ರೆಸ್ ಯಂತ್ರದೊಳಗೆ ಸಿಕ್ಕಿಕೊಂಡಿದ್ದ ಚೂರನ್ನು ಬಿಡಿಸಲು ಭುಜದವರೆಗೂ ಬಗ್ಗಿದ್ದ. ಅವನು ಒಳಗಿರುವುದು ಕಾಣದೆ ಆಚೆ ಬದಿಯಿಂದ ಯಾರೋ ಗುಂಡಿ ಒತ್ತಿದರು. ಮೇನ್ ಸ್ವಿಚ್ ಆರಿಸಿರಲಿಲ್ಲ. ಅಷ್ಟೇ.

ಅಷ್ಟೇ ಆಗಿದ್ದರೆ ಕಿಡಿ ಹಲ್ಲು ಕಚ್ಚಿಕೊಂಡು ಸುಮ್ಮನಾಗುತ್ತಿದ್ದನೋ ಏನೋ. ಕಿಡಿ ಎಂದರೆ ಸತ್ತವನ ತಮ್ಮ. ಗೇಟು, ಗ್ರಿಲ್ಲು ಮಾಡುವ ಶೆಡ್ಡಿನಲ್ಲಿ ವೆಲ್ಡರ್. ಕೆಲಸಕ್ಕೂ ಸ್ವಭಾವಕ್ಕೂ ಸೇರಿ ಒಂದೇ ಹೆಸರು ಸಾಕೆಂದು ಶೆಡ್ಡಿನವರು ಇಟ್ಟದ್ದು, ಮನೆಯಲ್ಲೂ ಅದೇ ನಿಂತಿತು. ಎಂಟನೇ ತರಗತಿಯಲ್ಲಿ ಇಂಗ್ಲಿಷ್ ಮೇಷ್ಟ್ರು ಅವನನ್ನು ಎದ್ದು ನಿಲ್ಲಿಸಿ ಒಂದೇ ಸಾಲನ್ನು ಐದು ಸಲ ಓದಿಸಿ ಇಡೀ ತರಗತಿಯನ್ನು ನಗಿಸಿದ್ದರು. ಅವತ್ತು ಚೀಲ ಹೆಗಲಿಗೇರಿಸಿ ಹೊರಟವನು ಮತ್ತೆ ಆ ಗೇಟಿನೊಳಗೆ ಕಾಲಿಡಲಿಲ್ಲ. ಆ ಗೇಟನ್ನು ರಿಪೇರಿ ಮಾಡಲು ಕರೆದಾಗಲೂ ಹೋಗಲಿಲ್ಲ.

ಪ್ರೆಸ್ಸಿಗೆ ಒಂದು ಜಾಲರಿ ಬಾಗಿಲಿತ್ತು. ಅದನ್ನು ತೆರೆದರೆ ಯಂತ್ರ ತಾನಾಗಿ ನಿಲ್ಲಬೇಕು. ಕೈ ಬೇಗ ಬೇಗ ಓಡಲಿ ಎಂದು ಸೂಪರ್‌ವೈಸರ್ ಆ ಬಾಗಿಲಿನ ಸ್ವಿಚ್ಚಿಗೆ ತಂತಿ ಬಿಗಿಸಿದ್ದ. ಬಾಗಿಲು ಹಾರು ಹೊಡೆದಿದ್ದರೂ ಯಂತ್ರಕ್ಕೆ ಮಾತ್ರ ಮುಚ್ಚಿದಂತೆಯೇ. ಇದೆಲ್ಲ ಸಾವಿಗೆ ಹದಿನೈದು ದಿನ ಮುಂಚಿನ ಮಾತು, ಪಾಳಿಯಲ್ಲಿದ್ದ ಹನ್ನೊಂದು ಜನರಿಗೂ ಗೊತ್ತಿತ್ತು. ಕಾರ್ಖಾನೆಯವರು ಹೇಳಿದ್ದೇ ಬೇರೆ. ತಂತಿ ಕಟ್ಟಿಕೊಂಡವನು ಸತ್ತವನೇ, ಅದೂ ಸಾಯುವ ದಿನ ಬೆಳಿಗ್ಗೆ, ನಮಗೆ ಗೊತ್ತೇ ಇರಲಿಲ್ಲ ಎಂದರು. ಹೀಗೆಂದು ಸರ್ಕಾರಿ ಕಾಗದದಲ್ಲಿ ಬಂದುಬಿಟ್ಟರೆ ಅಣ್ಣ ತನ್ನ ಸಾವನ್ನು ತಾನೇ ತಂದುಕೊಂಡ ಅಂತಾಯಿತು. ಅಮ್ಮ ಬದುಕಿದ್ದುದೇ ಆ ಕಾಗದ ಹಾಗೆ ಹೇಳಬಾರದು ಎಂಬುದಕ್ಕಾಗಿ.

ಹಾಗೆ ಹೇಳದಂತೆ ತಡೆಯಲು ಒಂದೇ ಒಂದು ವಸ್ತುವಿತ್ತು, ನಲವತ್ತು ಸೆಕೆಂಡಿನ ಒಂದು ವಿಡಿಯೊ. ತಂತಿ ಬಿಗಿದ ದಿನವೇ ಅಣ್ಣ ತನ್ನ ಫೋನಿನಲ್ಲಿ ತೆಗೆದು ಪಾಳಿಯವರ ಗುಂಪಿಗೆ ಹಾಕಿದ್ದ. ಅವನ ಫೋನು ಅವನ ಜೇಬಿನಲ್ಲೇ ಪುಡಿಯಾಯಿತು. ಗುಂಪನ್ನು ಸೂಪರ್‌ವೈಸರ್ ಸಾವಿನ ಮಾರನೇ ದಿನವೇ ಮುಚ್ಚಿಸಿದ. ಆದರೆ ವಿಡಿಯೊ, ಜೊತೆಗೆ ಬೇರೆಯವರು ತೆಗೆದು ಅದೇ ಗುಂಪಿಗೆ ಹಾಕಿದ್ದ ತಂತಿಯ ಪಟಗಳು ಹನ್ನೊಂದು ಫೋನುಗಳಲ್ಲಿ ಉಳಿದಿದ್ದವು. ಈಗ ಕಾರ್ಖಾನೆಯ ಗೇಟಿನಲ್ಲಿ ಫೋನು ಬಿಚ್ಚಿ ನೋಡುವುದು ಶುರುವಾಗಿತ್ತು. ಸಿಕ್ಕಿದರೆ ಕೆಲಸ ಹೋಯಿತು.

ಸಾವಿನ ವಿಚಾರಣೆ ನಡೆಸಬೇಕಿದ್ದ ಕಾರ್ಮಿಕ ಇಲಾಖೆಯ ಕಚೇರಿಯ ಗುಮಾಸ್ತ, ಒಬ್ಬೊಬ್ಬರ ಫೋನು ಕೇಳಿಕೊಂಡು ಕೂರಲು ನಮಗೆ ಪುರುಸೊತ್ತಿಲ್ಲ, ಎಲ್ಲವನ್ನೂ ಒಂದು ಕಡೆ ಸೇರಿಸಿ ತನ್ನಿ ಎಂದಿದ್ದ. ಇಂಟರ್ನೆಟ್ಟಿನಲ್ಲಿ ಕಳಿಸಿ ಎಂದರೆ ಪಾಳಿಯವರು ಹೆದರಿದರು. ಯಾರು ಯಾರ ಹೆಸರು ಎಲ್ಲೆಲ್ಲಿ ಉಳಿಯುತ್ತದೋ ಯಾರಿಗೆ ಗೊತ್ತು. ಆಗ ಕಿಡಿಯ ತಲೆಯಲ್ಲಿ ಹೊಳೆದದ್ದು ಮನೆಯಲ್ಲೇ ಒಂದು ಸರ್ವರ್. ಪರರ ಮನೆಯ ಕಪಾಟಿನಲ್ಲಿ ನಮ್ಮ ಬಟ್ಟೆ ಯಾಕೆ ಇಡಬೇಕು, ನಮ್ಮದೇ ಒಂದು ಕಪಾಟು ಮಾಡಿಕೊಳ್ಳೋಣ, ಬೀಗದ ಕೈ ನಮ್ಮ ಸೊಂಟದಲ್ಲಿರಲಿ ಎಂದು ಅತ್ತಿಗೆಗೆ ವಿವರಿಸಿದ.

ಗುಜರಿ ಅಂಗಡಿಯಲ್ಲಿ ಯಾವುದೋ ಆಫೀಸಿನವರು ಬಿಸಾಡಿದ ಕಂಪ್ಯೂಟರ್ ಪೆಟ್ಟಿಗೆ ಸಿಕ್ಕಿತು. ಅದನ್ನು ಮಾಡಿದ್ದು ಹದಿಮೂರು ವರ್ಷದ ಹಿಂದೆ. ಒಳಗೆ ಇಲಿಯ ಹಿಕ್ಕೆ, ಧೂಳಿನ ಹಾಸಿಗೆ. ಗುಜರಿಯವನು ಅದನ್ನು ತಟ್ಟಿ ತೋರಿಸಿ, "ಸರ್ವರ್ ಮಾಡ್ತೀಯಾ? ಮಾಡು. ಆದ್ರೆ ಇದು ಎಮ್ಮೆ ಇದ್ದ ಹಾಗೆ, ಎಬ್ಬಿಸಿ ಎಬ್ಬಿಸಿ ಮಲಗಿಸಬಾರದು. ಒಂದು ಸಲ ಹಚ್ಚಿದ್ರೆ ಹಚ್ಚಿದ ಹಾಗೇ ಇರಲಿ," ಎಂದಿದ್ದ. ಮಾತು ಕಿಡಿಯ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಯಿತು. ಹಚ್ಚಿದ ಹಾಗೇ ಬಿಡುವ ಮನೆಯಾಗಿರಲಿಲ್ಲ ಅದು.

ಮೂರು ಭಾನುವಾರ ಹಿಡಿಯಿತು. ಫೋನಿನಲ್ಲಿ ಯಾರ‍್ಯಾರೋ ಹೇಳಿಕೊಡುವ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡುತ್ತ, ಪರದೆಯ ಮೇಲಿನ ಅಕ್ಷರಗಳನ್ನು ಚಿತ್ರ ಬರೆದ ಹಾಗೆ ಹಾಳೆಯ ಮೇಲೆ ಬರೆದುಕೊಂಡು, ಆಮೇಲೆ ಕೀಲಿಮಣೆಯಲ್ಲಿ ಒಂದೊಂದೇ ಹುಡುಕಿ ಒತ್ತುತ್ತಿದ್ದ. ವೆಲ್ಡಿಂಗಿನಿಂದ ಸುಟ್ಟು ದಪ್ಪಗಾದ ಬೆರಳು ಒಮ್ಮೆಗೆ ಎರಡೆರಡು ಕೀಲಿ ಒತ್ತುತ್ತಿತ್ತು. ಒಂದು ಚುಕ್ಕೆ ಬಿಟ್ಟರೆ ಒಂದು ಗಂಟೆಯ ಕೆಲಸ ನೀರಿಗೆ. ಆರು ಸಲ ಕೆಟ್ಟು ಏಳನೇ ಸಲ ಕಪ್ಪು ಪರದೆಯ ಮೇಲೆ ಬಿಳಿ ಗೆರೆಗಳು ಸರಸರ ಇಳಿದು ಕೊನೆಗೆ ಒಂದು ಗೀಟು ಮಿಣುಕುತ್ತ ನಿಂತಿತು. ಯಂತ್ರಕ್ಕೆ ಹೆಸರು ಕೊಡು ಎಂದಾಗ ಅವನು ಯೋಚಿಸಲೇ ಇಲ್ಲ. ನಾಲ್ಕು ಅಕ್ಷರ ಒತ್ತಿದ: ಎ, ಎನ್, ಎನ್, ಎ. ಅಣ್ಣ.

ಆಮೇಲೆ ಹಳೆಯ ವೈಫೈ ಡಬ್ಬಿಯೊಂದನ್ನು ತಂದು ಪೆಟ್ಟಿಗೆಗೆ ಜೋಡಿಸಿದ. ಹೊರಗಿನಿಂದ ಬರುವ ತಂತಿಯನ್ನು ಮಾತ್ರ ಚುಚ್ಚಲಿಲ್ಲ. ಕಾರ್ಖಾನೆಯವರು ಎಂಥೆಂಥ ಕಂಪ್ಯೂಟರ್ ಜನರನ್ನು ಸಾಕಿರುತ್ತಾರೋ, ಹೊರಗಿನ ಗಾಳಿಯೂ ಸೋಕಬಾರದು. ಮನೆಯೊಳಗೆ ಬಂದವನು ಮಾತ್ರ, ಗೋಡೆಗೆ ಅಂಟಿಸಿದ ಚೀಟಿಯಲ್ಲಿನ ಸಂಖ್ಯೆಯನ್ನು ತನ್ನ ಫೋನಿನಲ್ಲಿ ಒತ್ತಿದರೆ ಒಂದು ಬಿಳಿ ಪುಟ ತೆರೆಯುತ್ತಿತ್ತು. ಅದರಲ್ಲಿ ಒಂದೇ ಗುಂಡಿ. ಅದನ್ನು ಮುಟ್ಟಿದರೆ ಫೋನಿನಲ್ಲಿದ್ದದ್ದು ಪೆಟ್ಟಿಗೆಗೆ ಇಳಿಯುತ್ತಿತ್ತು. ಅಷ್ಟನ್ನು ಸಾಧಿಸಿದ ದಿನ ಕಿಡಿ ಗೋಡೆಗೆ ಒರಗಿ ಕೂತು ತನ್ನ ಕೈಗಳನ್ನೇ ನೋಡಿಕೊಂಡ. ಮೇಷ್ಟ್ರನ್ನು ಕರೆದು ತೋರಿಸಬೇಕು ಅನ್ನಿಸಿತು. ಮೇಷ್ಟ್ರಿಗೆ ಹೊಡೆಯಬೇಕು ಅಂತಲೂ ಅನ್ನಿಸಿತು.

ಪ್ರತಿ ಸಲ ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತು ವೈರು ಸುತ್ತಿ ಪೆಟ್ಟಿಗೆಯ ನೆತ್ತಿಯ ಮೇಲಿಡುತ್ತಿದ್ದ. ಅವನು ಮರೆತರೆ ಅಮ್ಮ. ಪ್ರತಿ ಸಲ ಹಚ್ಚಿದಾಗಲೂ ಪೆಟ್ಟಿಗೆ ಒಂದು 'ಟೊಯ್' ಎಂದು ಕೂಗಿ, ಇಂಗ್ಲಿಷಿನಲ್ಲಿ ಎರಡು ಸಾಲು ತೋರಿಸಿ ಮುಷ್ಕರ ಹೂಡಿದಂತೆ ನಿಂತುಬಿಡುತ್ತಿತ್ತು. ಮೇಲಿನ ಸಾಲಿನ ಎಫ್-ಒಂದು ಕೀಲಿ ಒತ್ತಿದರೆ ಮುಂದುವರಿಯುತ್ತದೆಂದು ಮೊದಲ ದಿನವೇ ಅವನಿಗೆ ತಿಳಿದುಹೋಗಿತ್ತು. ಒತ್ತುತ್ತಿದ್ದ. ಸ್ಟವ್ ಹಚ್ಚುವಾಗ ಕಡ್ಡಿ ಗೀರುವಷ್ಟೇ ಸಲೀಸಾಗಿ ಒತ್ತುತ್ತಿದ್ದ.

ಒಂದು ಸಂಜೆ ಅತ್ತಿಗೆ ಕೆಲಸದಿಂದ ಬಂದವಳು ಅವನ ಹಿಂದೆಯೇ ನಿಂತಿದ್ದಳು. ಅವಳದು ಔಷಧಿ ಅಂಗಡಿಯಲ್ಲಿ ಕೆಲಸ. ಹತ್ತು ವರ್ಷದಿಂದ ಮಾತ್ರೆಯ ಪಟ್ಟಿ, ಟಾನಿಕ್ಕಿನ ಬಾಟಲಿ ಏನೇ ಕೈಗೆ ಬಂದರೂ ಮೊದಲು ತಿರುಗಿಸಿ ತಾರೀಖು ನೋಡುವುದು ಅವಳ ಕಣ್ಣಿಗೆ ಅಂಟಿದ ರೂಢಿ. ಹಾಲಿನ ಪೊಟ್ಟಣವನ್ನೂ ಹಾಗೇ ನೋಡುತ್ತಿದ್ದಳು. ಅಣ್ಣ ಅದಕ್ಕೇ ಅವಳನ್ನು ಕೆಣಕಿ, ನನ್ನ ಬೆನ್ನ ಮೇಲೂ ಎಲ್ಲಾದರೂ ಒತ್ತಿದ್ದಾರಾ ನೋಡೇ ಎನ್ನುತ್ತಿದ್ದ.

"ಕಿಡಿ, ಅದು ಏನೋ ಹೇಳ್ತಾ ಇದೆಯಲ್ಲ," ಎಂದಳು.

"ಅದು ದಿನಾ ಹೇಳುತ್ತೆ ಅತ್ತಿಗೆ. ಇದೊಂದು ಒತ್ತಿದ್ರೆ ಬಾಯಿ ಮುಚ್ಕೊಳ್ಳುತ್ತೆ."

"ತಾರೀಖು, ಟೈಮು ಇಟ್ಟಿಲ್ಲ ಅಂತಿದೆ ಕಣೋ. ಏನು ಬರೆದಿದೆ ಅಂತ ಓದಿದ್ದೀಯಾ?"

ಓದಿದ್ದೀಯಾ. ಅವಳು ಯಾವ ಚುಚ್ಚೂ ಇಲ್ಲದೆ ಕೇಳಿದ್ದು. ಆದರೆ ಆ ಒಂದು ಮಾತು ನೇರ ಎಂಟನೇ ತರಗತಿಯ ಬೆಂಚಿಗೆ ಹೋಗಿ ಬಿತ್ತು. ಕಿಡಿಯ ಕಿವಿ ಕೆಂಪಾಯಿತು.

"ಟೈಮು ನೋಡೋಕೆ ಗೋಡೆ ಮೇಲೆ ಗಡಿಯಾರ ಇದೆ ಅತ್ತಿಗೆ. ನೀವು ಓದಿದೋರೆಲ್ಲ ಇಷ್ಟು ದಿನ ಏನು ಕಡಿದು ಕಟ್ಟೆ ಹಾಕಿದ್ರಿ? ಇದನ್ನ ಕಟ್ಟಿದ್ದು ನಾನು."

ಅತ್ತಿಗೆ ಇನ್ನೊಂದು ಕ್ಷಣ ಪರದೆಯನ್ನು ನೋಡಿ, ಚೀಲ ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಆ ವಿಷಯ ಎತ್ತಲಿಲ್ಲ.

ಪಾಳಿಯವರು ಒಬ್ಬೊಬ್ಬರಾಗಿ ಬಂದರು. ಒಟ್ಟಿಗೆ ಬಂದರೆ ಕಣ್ಣಿಗೆ ಬೀಳುತ್ತದೆಂದು ಇವತ್ತೊಬ್ಬ, ನಾಲ್ಕು ದಿನ ಬಿಟ್ಟು ಇನ್ನೊಬ್ಬ. ಗ್ರೀಸ್ ಎಂಬವನು ಬಂದ, ಅವನ ಫೋನಿನ ಗಾಜೂ ಗ್ರೀಸೇ. ಕನ್ನಡಕದವನು ಬಂದು ಬಾಗಿಲು ಹಾಕಿಕೊಂಡ ಮೇಲೂ ಪಿಸುಮಾತಿನಲ್ಲೇ ಮಾತಾಡಿದ. ಎಲ್ಲರಿಗೂ ಕಿಡಿ ಒಂದೇ ಅಪ್ಪಣೆ ಮಾಡುತ್ತಿದ್ದ. ಇಳಿಸಿ, ಇಳಿಸಿದ ಮೇಲೆ ಫೋನಿನಿಂದ ಅಳಿಸಿ, ನನ್ನ ಕಣ್ಣೆದುರೇ ಅಳಿಸಿ. ನಾಳೆ ಗೇಟಿನಲ್ಲಿ ನೀವು ಸಿಕ್ಕಿಬಿದ್ದರೆ ಅದೂ ನಮ್ಮ ತಲೆಗೇ ಬರುತ್ತದೆ. ಅವರೂ ಹೊರೆ ಇಳಿಸಿದವರಂತೆ ಅಳಿಸಿ, ಅಮ್ಮ ಕೊಟ್ಟ ಚಹಾ ಕುಡಿದು, ಅವಳ ಮುಖ ನೋಡದೆ ಹೋಗುತ್ತಿದ್ದರು.

ತಕರಾರು ತೆಗೆದವನು ಒಬ್ಬನೇ, ಹಳೆಯ ಫಿಟ್ಟರ್. ಎಲ್ಲರೂ ಅವನನ್ನು ದೊಡ್ಡಪ್ಪ ಎನ್ನುತ್ತಿದ್ದರು. ನಿವೃತ್ತಿಗೆ ಆರು ತಿಂಗಳಿತ್ತು. ಅಣ್ಣನ ವಿಡಿಯೊವನ್ನು ಪೆಟ್ಟಿಗೆಗೆ ಇಳಿಸಿದ ಮೇಲೆ ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತ.

"ನಂದೊಂದು ಇರಲಿ ಬಿಡೋ. ಹುಡುಗನ ದನಿ ಇದೆ ಇದರಲ್ಲಿ. ಅಡುಗೆಮನೆ ಡಬ್ಬದಲ್ಲಿಟ್ಟು ಹೋಗ್ತೀನಿ, ಗೇಟಿಗೆ ತರಲ್ಲ."

"ಆ ದನಿ ಅಷ್ಟು ಬೇಕಾಗಿತ್ತು ಅಂದ್ರೆ ಅವತ್ತು ಮೇನ್ ಸ್ವಿಚ್ ಆರಿಸ್ಬೇಕಿತ್ತು ದೊಡ್ಡಪ್ಪ," ಎಂದ ಕಿಡಿ.

ಗುಂಡಿ ಒತ್ತಿದವನು ದೊಡ್ಡಪ್ಪನಲ್ಲ, ಅದು ಕಿಡಿಗೂ ಗೊತ್ತಿತ್ತು. ಅವನು ಅವತ್ತು ಹತ್ತು ಹೆಜ್ಜೆ ದೂರದಲ್ಲಿ ತನ್ನ ಪಾಡಿಗೆ ಬೋಲ್ಟು ಬಿಗಿಯುತ್ತಿದ್ದವನು. ಮುದುಕ ಅಂಗೈ ಬಿಚ್ಚಿದ. ಹೆಬ್ಬೆರಳಿನಿಂದ ಒತ್ತಿ ಹಿಡಿದ. ಅಳಿಸಲೇ ಎಂದು ಫೋನು ಕೇಳಿತು. ಹೌದು ಅಂದ.

ಎಲ್ಲ ಸೇರಿ ನಲವತ್ತಮೂರು ಕಡತ. ಹೆಸರುಗಳೋ, ದೇವರಿಗೇ ಪ್ರೀತಿ. ಒಂದೊಂದೂ ಉದ್ದುದ್ದ ಅಂಕಿಗಳ ಬಾಲ. ಅಷ್ಟು ಹೊತ್ತಿಗೆ ಕಿಡಿಗೆ ಕೈ ಕುದುರಿತ್ತು. ಒಂದೇ ಸಾಲಿನ ಆಜ್ಞೆಯಿಂದ ಎಲ್ಲದರ ಹೆಸರು ಬದಲಿಸುವುದನ್ನು ಕಲಿತಿದ್ದ. ಒತ್ತಿದ ಕೂಡಲೇ ಆ ಕಸವೆಲ್ಲ ಉದುರಿ, ಅಣ್ಣ ೧, ಅಣ್ಣ ೨, ಅಣ್ಣ ೩ ಎಂದು ನಲವತ್ತಮೂರರವರೆಗೂ ಶಾಲೆಯ ಮಕ್ಕಳಂತೆ ಸಾಲಾಗಿ ನಿಂತವು. ನಾಲ್ಕು ತಿಂಗಳಲ್ಲಿ ಅವನು ನಕ್ಕಿದ್ದು ಅವತ್ತೊಂದೇ ದಿನ.

ವಿಚಾರಣೆಯ ದಿನ ಪೆಟ್ಟಿಗೆಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೋದ. ಜೊತೆಗೆ ಅತ್ತಿಗೆ. ಅಮ್ಮನಿಗೆ ಮೆಟ್ಟಿಲು ಹತ್ತಲಾಗದೆಂದು ಬಿಟ್ಟುಬಂದಿದ್ದರು, ನಿಜವಾಗಿ ಅವಳಿಗೆ ಅಲ್ಲಿಯ ಮಾತು ಕೇಳಿಸಬಾರದೆಂದು. ಕೋಣೆಯಲ್ಲಿ ಗಾಜು ಹಾಸಿದ ಉದ್ದ ಮೇಜು, ಗಾಜಿನ ಕೆಳಗೆ ಮಾಸಿದ ಯಾವುದೋ ವರ್ಷದ ಕ್ಯಾಲೆಂಡರು, ತಲೆಯ ಮೇಲೆ ಕಿರುಗುಡುವ ಫ್ಯಾನು. ಮೇಜಿನ ಹಿಂದೆ ವಿಚಾರಣೆಯ ಅಧಿಕಾರಿ, ಒಂದು ಬದಿ ಕಾರ್ಖಾನೆಯ ವಕೀಲ, ಪಕ್ಕದಲ್ಲಿ ಕೈಕಟ್ಟಿಕೊಂಡ ಸೂಪರ್‌ವೈಸರ್. ಹಿಂದಿನ ಬೆಂಚಿನ ತುದಿಯಲ್ಲಿ ದೊಡ್ಡಪ್ಪ. ಹನ್ನೊಂದು ಜನರಲ್ಲಿ ಬರುವ ಧೈರ್ಯ ಮಾಡಿದವನು ಅವನೊಬ್ಬನೇ.

ಕಿಡಿ ಪೆಟ್ಟಿಗೆಯನ್ನು ಕಚೇರಿಯ ಪರದೆಗೆ, ಕೀಲಿಮಣೆಗೆ ಜೋಡಿಸಿದ. ಟೊಯ್ ಎಂದಿತು. ಎಫ್-ಒಂದು ಒತ್ತಿದ. ಮೊದಲ ಕಡತವನ್ನೇ ಹಚ್ಚಿದ.

ಕೋಣೆಯ ತುಂಬ ಅಣ್ಣನ ದನಿ. ಕೈ ಅಲುಗುವುದರಿಂದ ಚಿತ್ರವೂ ಅಲುಗುತ್ತಿತ್ತು. ಜಾಲರಿ ಬಾಗಿಲು, ಸ್ವಿಚ್ಚು, ಅದರ ಕುತ್ತಿಗೆಗೆ ಮೂರು ಸುತ್ತು ತಂತಿ. "ನೋಡ್ರಪ್ಪಾ, ನಮ್ಮ ಬಾಗಿಲಿಗೆ ಕಿವಿ ಕೆಪ್ಪಾಗಿದೆ. ತೆಗೆದ್ರೂ ಕೇಳಿಸಲ್ಲ, ಮುಚ್ಚಿದ್ರೂ ಕೇಳಿಸಲ್ಲ. ಮೇಲಿನೋರಿಗೆ ಯಾರಾದ್ರೂ ಹೇಳ್ರಪ್ಪಾ, ಇಲ್ಲಾಂದ್ರೆ ಒಂದಿನ ನಮ್ಮಲ್ಲೊಬ್ಬನ್ನ ತಗಡು ಮಾಡಿ ಕಳಿಸುತ್ತೆ." ಆಮೇಲೆ ನಗು. ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು, ಬೆರಳು ಬಿಳಿಚಿತು.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯರಂತೆ ಕಾಣಲಿಲ್ಲ. ವಕೀಲ ತಣ್ಣಗೆ, ಇದು ಯಾವ ದಿನ ತೆಗೆದದ್ದು ಎಂಬುದಷ್ಟೇ ನನ್ನ ಪ್ರಶ್ನೆ, ಅವತ್ತೇ ಬೆಳಿಗ್ಗೆ ತಾನೇ ತಂತಿ ಕಟ್ಟಿ ತಾನೇ ತಮಾಷೆಗೆ ತೆಗೆದಿರಬಹುದಲ್ಲ ಎಂದ. ಹದಿನೈದು ದಿನ ಮುಂಚೆ ತೆಗೆದದ್ದು ಎಂದು ಕಿಡಿ ಮೇಜು ಗುದ್ದಿದ. ಗುದ್ದುವುದು ಬೇಡ, ಯಂತ್ರವೇ ಹೇಳುತ್ತದೆ ಬಿಡಿ ಎಂದು ಅಧಿಕಾರಿ ತಮ್ಮ ಕಚೇರಿಯ ಟೈಪಿಸ್ಟ್ ಹೆಂಗಸನ್ನು ನೋಡಲು ಹೇಳಿದರು. ಅವಳು ಬಗ್ಗಿ ನೋಡಿದಳು. ಹುಬ್ಬು ಗಂಟಿಕ್ಕಿದಳು.

"ಜನವರಿ ಒಂದು ಅಂತಿದೆ ಸರ್. ಹದಿಮೂರು ವರ್ಷದ ಹಿಂದೆ."

"ಬೇರೆದು ನೋಡಮ್ಮ."

"ಅದೂ ಜನವರಿ ಒಂದು." ಅವಳು ಕೆಳಗಿನವರೆಗೂ ಸರಿಸಿಕೊಂಡು ಹೋದಳು. "ಎಲ್ಲಾ ಜನವರಿ ಒಂದೇ ಸರ್."

ವಕೀಲ ನಗಲಿಲ್ಲ. ಆ ವರ್ಷ ನಮ್ಮ ಕಾರ್ಖಾನೆಯ ಜಾಗದಲ್ಲಿ ಬರೀ ಮುಳ್ಳುಗಿಡ ಇತ್ತು ಎಂದು ಮಾತ್ರ ಹೇಳಿದ. ಸೂಪರ್‌ವೈಸರನ ಭುಜ ಒಮ್ಮೆ ಅಲುಗಿತು.

ಟೈಪಿಸ್ಟ್ ಹೆಂಗಸು ಮೆಲ್ಲಗೆ, ಕನಿಕರದಿಂದಲೇ, ಬಿಡಿಸಿ ಹೇಳಿದಳು. ಇಂಥ ಹಳೆಯ ಯಂತ್ರದೊಳಗೆ ಗಡಿಯಾರ ನಡೆಸಲೆಂದೇ ಒಂದು ಬಿಲ್ಲೆಯಂಥ ಬ್ಯಾಟರಿ ಇರುತ್ತದೆ. ಅದು ಸತ್ತಿದೆ. ಹೊರಗಿನ ಇಂಟರ್ನೆಟ್ ಇದ್ದಿದ್ದರೆ ಅಲ್ಲಿಂದ ಕೇಳಿ ಸರಿ ಮಾಡಿಕೊಳ್ಳುತ್ತಿತ್ತು. ಪ್ಲಗ್ ಕೀಳದೆ ಇದ್ದಿದ್ದರೂ ಒಂದು ಸಲ ಸರಿಪಡಿಸಿದ್ದು ಉಳಿಯುತ್ತಿತ್ತು. ಕಿತ್ತಾಗಲೆಲ್ಲ ಇದು ಹುಟ್ಟಿದ ದಿನಕ್ಕೆ ಹೋಗಿ ನಿಲ್ಲುತ್ತದೆ. ನೀವು ಇಳಿಸಿಕೊಂಡದ್ದಕ್ಕೆಲ್ಲ ಅದು ಆ ದಿನದ ಮುದ್ರೆಯನ್ನೇ ಹೊಡೆದಿದೆ. ಗುಂಪಿನಲ್ಲಿ ಹಾದುಬಂದ ಪಟದೊಳಗೆ ಬೇರೆ ತಾರೀಖು ಉಳಿಯುವುದಿಲ್ಲ. ಹೆಸರಿನಲ್ಲಿ ಮಾತ್ರ ಇರುತ್ತದೆ, ಉದ್ದನೆಯ ಅಂಕಿ. "ಮೂಲ ಹೆಸರು ಇದೆಯಾ?" ಎಂದು ಕೇಳಿದಳು.

ಅಣ್ಣ ೧, ಅಣ್ಣ ೨, ಅಣ್ಣ ೩. ಕಿಡಿ ಇಲ್ಲವೆಂದು ತಲೆಯಾಡಿಸಿದ.

ಯಾರ ಫೋನಿನಲ್ಲಾದರೂ ಉಳಿದಿದೆಯೇ ಎಂದು ಅಧಿಕಾರಿ ಹಿಂದಿನ ಬೆಂಚಿನತ್ತ ನೋಡಿದರು. ದೊಡ್ಡಪ್ಪ ಎದ್ದು ನಿಂತ. ಇಲ್ಲ ಸ್ವಾಮಿ, ಅಳಿಸಿದೆ ಎಂದ. ಯಾರು ಅಳಿಸಲು ಹೇಳಿದರು ಎಂಬುದನ್ನು ಹೇಳಲಿಲ್ಲ. ತಂತಿ ಯಾವತ್ತಿನಿಂದ ಇತ್ತು, ನಿಮಗೆ ಗೊತ್ತೇ ಎಂದು ಅವರು ಮತ್ತೆ ಕೇಳಿದರು. ಸೂಪರ್‌ವೈಸರ್ ಕುರ್ಚಿಯಲ್ಲೇ ಪೂರ್ತಿ ತಿರುಗಿ ಕೂತು ಮುದುಕನನ್ನು ನೋಡಿದ. ಫ್ಯಾನು ಎರಡು ಸುತ್ತು ಕಿರುಗುಟ್ಟಿತು.

"ನೆನಪಿಲ್ಲ ಸ್ವಾಮಿ," ಎಂದ ದೊಡ್ಡಪ್ಪ.

ಹೊರಗಿನ ಪಡಸಾಲೆಯಲ್ಲಿ ಅವನು ಕಂಬಕ್ಕೆ ಕೈಯೂರಿ ನಿಂತಿದ್ದ. ಕಿಡಿ ಪೆಟ್ಟಿಗೆ ಹೊತ್ತು ಅವನ ಎದುರಿಗೇ ಹೋಗಿ ನಿಂತ. ಉಗಿಯಬೇಕೆಂದೇ ಹೋದವನು. ಮುದುಕ ತಲೆ ಎತ್ತದೆ ಹೇಳಿದ:

"ಫೋನಾದ್ರೆ ಕೊಡ್ತಿದ್ದೆ ಕಣೋ. ಕಣ್ಣು ಮುಚ್ಕೊಂಡು ಮೇಜಿನ ಮೇಲೆ ಇಟ್ಟುಬಿಡ್ತಿದ್ದೆ. ಬಾಯಿ ಬರಲಿಲ್ಲ."

ಕಿಡಿಗೆ ಉಗಿಯಲು ಬಾಯಲ್ಲಿ ಎಂಜಲೂ ಇರಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ಅತ್ತಿಗೆ ಅವನ ಪಕ್ಕದಲ್ಲೇ ನಡೆದಳು. ನಾನು ಹೇಳಿರಲಿಲ್ಲವೇ ಎಂದುಬಿಟ್ಟಿದ್ದರೆ ಅವನು ಜಗಳವಾಡಿ ಹಗುರಾಗುತ್ತಿದ್ದ. ಅವಳು ಅನ್ನಲಿಲ್ಲ. ಮಾರನೇ ದಿನ ಸಂಜೆ ಔಷಧಿ ಅಂಗಡಿಯಿಂದ ಬಂದವಳು ಚೀಲದಿಂದ ಒಂದು ಚಿಕ್ಕ ಪಟ್ಟಿ ತೆಗೆದು ಅವನ ಮುಂದಿಟ್ಟಳು. ಒಳಗೆ ಹೊಳೆಯುವ ಬಿಲ್ಲೆ. ಸಕ್ಕರೆ ಕಾಯಿಲೆಯವರು ರಕ್ತ ನೋಡಿಕೊಳ್ಳುವ ಯಂತ್ರಕ್ಕೆ ಹಾಕುವುದು, ದಿನಕ್ಕೆ ಹತ್ತಾದರೂ ಮಾರುತ್ತೇವೆ, ಇದಕ್ಕೂ ಅದೇ ಅಂತೆ ಎಂದಳು. ಇಷ್ಟು ದಿನವೂ ಅದು ಅವಳ ಗಲ್ಲಾದ ಪಕ್ಕದ ಡ್ರಾಯರಿನಲ್ಲಿ ಇತ್ತು. ಕಿಡಿ ಪೆಟ್ಟಿಗೆ ಬಿಚ್ಚಿದ. ಧೂಳಿನ ನಡುವೆ ಹಳೆಯ ಬಿಲ್ಲೆ ಅಲ್ಲೇ ಎದುರಿಗೇ ಕೂತಿತ್ತು, ಅಡಗಿಕೊಂಡೇನೂ ಇರಲಿಲ್ಲ. ಉಗುರಿನಿಂದ ಮೀಟಿದರೆ ಟಣ್ಣೆಂದು ಹಾರಿ ಬಂತು. ಹೊಸದು ಹಾಕಲು ಹತ್ತು ಸೆಕೆಂಡು, ತಾರೀಖು ಟೈಮು ಇಡಲು ಒಂದು ನಿಮಿಷ ಹಿಡಿಯಿತು.

ತಿಂಗಳಾದ ಮೇಲೆ ಕಾಗದ ಬಂತು. ಅತ್ತಿಗೆ ನಿಂತೇ ಓದಿದಳು. ಅಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಕೇಳಿಸಿಕೊಂಡಳು. ವಿಚಾರಣೆ ನಡೆಯಿತು, ಎರಡೂ ಕಡೆಯವರನ್ನು ಕೇಳಲಾಯಿತು, ಯಂತ್ರದ ಬಾಗಿಲನ್ನು ಈಗ ಸರಿಪಡಿಸಲಾಗಿದೆ. ಕಿಡಿ ಅವಳ ಹೆಗಲ ಹಿಂದಿನಿಂದ ಕಾಗದವನ್ನೇ ನೋಡುತ್ತಿದ್ದ. ಇದು ಅವನು ಓದಬಲ್ಲ ಭಾಷೆ. ಬಾಗಿಲು ಸರಿಪಡಿಸಿದ ಸಾಲಿಗೂ ಮುಂಚೆ ಇನ್ನೊಂದು ಸಾಲಿತ್ತು: ಮೃತನ ಸ್ವಂತ ಅಜಾಗರೂಕತೆಯಿಂದ. ಅತ್ತಿಗೆಯ ಕಣ್ಣು ಆ ಸಾಲಿನ ಮೇಲೆ ಬಂದು, ನಿಂತು, ದಾಟಿ ಹೋಗಿತ್ತು.

"ಅವನದೇ ತಪ್ಪು ಅಂತ ಬರೆದಿಲ್ಲ ತಾನೇ?" ಎಂದಳು ಅಮ್ಮ.

"ಇಲ್ಲ ಅತ್ತೆ," ಎಂದು ಅತ್ತಿಗೆ ಕಾಗದವನ್ನು ನಾಲ್ಕಾಗಿ ಮಡಿಸಿದಳು. ಮಡಿಸುವಾಗ ಕೆಳಗಿನ ಮೂಲೆ ಕಂಡಿತು. ನೀಲಿ ಮುದ್ರೆ, ಸಹಿ, ಸಹಿಯ ಕೆಳಗೆ ತಾರೀಖು. ಅದರಲ್ಲಿ ಒಂದಂಕಿಯೂ ತಪ್ಪಿರಲಿಲ್ಲ.

ಅಮ್ಮನ ಮುಖದಲ್ಲಿ ಏನೋ ಸಡಿಲವಾಯಿತು. ಹಾಗಾದರೆ ಅವನ ದನಿ ಒಂದು ಸಲ ಕೇಳಿಸು ಎಂದು ಕಿಡಿಯನ್ನು ಕೇಳಿದಳು. ಇಷ್ಟು ದಿನ ಅವಳು ಅದನ್ನು ಕೇಳಲು ಒಪ್ಪಿರಲೇ ಇಲ್ಲ.

ಅವನು ಪೆಟ್ಟಿಗೆ ಹಚ್ಚಿದ. ಟೊಯ್ ಎನ್ನಲಿಲ್ಲ. ಯಾವ ಕೀಲಿಯನ್ನೂ ಕೇಳಲಿಲ್ಲ. ರೂಢಿಯಲ್ಲಿ ಎಫ್-ಒಂದರ ಮೇಲೆ ಹೋಗಿದ್ದ ಬೆರಳು ಅಲ್ಲೇ ಸುಮ್ಮನೆ ಕೂತಿತು. ಪರದೆಯ ಮೂಲೆಯಲ್ಲಿ ಇವತ್ತಿನ ದಿನ, ಇವತ್ತಿನ ಗಂಟೆ, ನಿಮಿಷ. ವಿಡಿಯೊ ಓಡಿತು. ಬಾಗಿಲಿಗೆ ಕಿವಿ ಕೆಪ್ಪಾಗಿದೆ ಎನ್ನುವಲ್ಲಿ ಅಮ್ಮ ಸ್ವಲ್ಪ ನಕ್ಕಳು. ತಗಡು ಮಾಡಿ ಕಳಿಸುತ್ತೆ ಎನ್ನುವಾಗ ನಗು ಹಾಗೇ ಮುಖದ ಮೇಲೆ ಉಳಿದುಹೋಯಿತು, ತೆಗೆಯುವುದನ್ನು ಮರೆತಂತೆ.

ನಲವತ್ತು ಸೆಕೆಂಡು ಮುಗಿಯಿತು. ಅಮ್ಮ ಎದ್ದು, ಕೈಯನ್ನು ಸೀರೆಗೆ ಒರೆಸಿಕೊಂಡು ಗೋಡೆಯ ಬಳಿ ಹೋದಳು. ಇನ್ನು ಕೀಳಬೇಕಿಲ್ಲಮ್ಮಾ, ಇದನ್ನು ಹಾಗೇ ಬಿಟ್ಟರೂ ನಡೆಯುತ್ತದೆ ಎಂದು ಕಿಡಿ ಹೇಳಿದ.

"ಕೆಲಸ ಆಯ್ತಲ್ಲ," ಎಂದು ಅವಳು ಸ್ವಿಚ್ ಆರಿಸಿದಳು. ಪ್ಲಗ್ ಕಿತ್ತಳು. "ಒಳಗೆ ಯಾರದಾದ್ರೂ ಕೈ ಇದ್ರೆ?"

ವೈರನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಸುತ್ತತೊಡಗಿದ.